ಮೊದಲ ಜಪಾನಿ ಕತ್ತಿ ಕೊಳ್ಳಬೇಕು ಅಂತಿದ್ದೇನೆ, ಅಸಲಿಯೋ ನಕಲಿಯೋ ಹೇಗೆ ನೋಡೋದು? (ಬಳ್ಳಾರಿ)

ಕೌಲ್‌ಬಜಾರ್ ಓದುಗ:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. ಜಪಾನಿ ಕತ್ತಿಗಳ ಬಗ್ಗೆ ಬಹಳ ವರ್ಷಗಳಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಈಗ ಒಂದನ್ನು ಕೊಳ್ಳುವಷ್ಟು ದುಡ್ಡು ಕೂಡಿದೆ. ಗೋಡೆಗೆ ನೇತುಹಾಕುವ ಶೋಕಿ ವಸ್ತು ನನಗೆ ಬೇಡ. ನಿಜವಾದ ಕಮ್ಮಾರ ಕುಲುಮೆಯಲ್ಲಿ ಬಡಿದು ಮಾಡಿದ ಹಳೆಯ ಅಲಗು ಬೇಕು. ಚಿಕ್ಕದಾದರೂ ಪರವಾಗಿಲ್ಲ.

ಸದ್ಯಕ್ಕೆ ಮೂರು ದಾರಿ ಕಾಣುತ್ತಿವೆ. ಒಂದು, ನಮ್ಮ ಊರಲ್ಲೇ ಪರಿಚಯದ ಮನೆಯೊಂದರಲ್ಲಿ ಕತ್ತಿ ಇದೆ. ಅವರ ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋಗಿದ್ದರು, ವಾಪಸ್ ಬರುವಾಗ ತಂದದ್ದಂತೆ. ಮೊಮ್ಮಗ ಅದನ್ನು 300 ವರ್ಷ ಹಳೆಯ ಸಮುರಾಯಿ ಕತ್ತಿ ಅನ್ನುತ್ತಾನೆ, ಎರಡೂವರೆ ಲಕ್ಷ ಕೇಳುತ್ತಾನೆ. ಒರೆ ಕಬ್ಬಿಣದ್ದು, ಹಸಿರು ಬಣ್ಣ ಅಲ್ಲಲ್ಲಿ ಎದ್ದಿದೆ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಹೊರಗೆ ತೆಗೆದು ಕುಂಕುಮ ಹಚ್ಚಿ, ಮೊನೆಗೆ ನಿಂಬೆಹಣ್ಣು ಚುಚ್ಚಿ ಇಡುತ್ತಾರೆ. ನಾನು ದೂರದಿಂದ ನೋಡಿದ್ದೇನೆ ಅಷ್ಟೆ, ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿಲ್ಲ.

ಎರಡನೆಯದು ಹೈದರಾಬಾದಿನ ಒಬ್ಬ ವ್ಯಾಪಾರಿಯ ಹತ್ತಿರ ಇರುವ ವಾಕಿಝಾಶಿ, ಅಂದರೆ ಜಪಾನಿನ ಗಿಡ್ಡ ಕತ್ತಿ. ಅದರ ಜೊತೆ ಜಪಾನಿ ಭಾಷೆಯ ಒಂದು ಕಾಗದವೂ ಇದೆ. "ಜಪಾನ್ ಸರ್ಕಾರವೇ ಅಸಲಿ ಅಂತ ಕೊಟ್ಟ ಪ್ರಮಾಣಪತ್ರ" ಅನ್ನುತ್ತಾರೆ. ಮೂರನೆಯದು ಜಪಾನಿನ ಅಂಗಡಿಯಿಂದ ನೇರವಾಗಿ ತರಿಸುವುದು, ಆದರೆ ಕಸ್ಟಮ್ಸ್‌ನಲ್ಲಿ ಏನಾಗುತ್ತದೋ ಅಂತ ಭಯ.

ಯಾವುದು ಸರಿ? ಕತ್ತಿಯನ್ನು ಕೈಗೆ ತೆಗೆದುಕೊಂಡಾಗ ಮೊದಲು ಏನು ನೋಡಬೇಕು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ರಾಯಚೂರು ಅಲಗು:

ದುಡ್ಡಿನ ಮಾತು ಸದ್ಯಕ್ಕೆ ಎತ್ತಬೇಡಿ. ಮುಂಗಡವಂತೂ ಬೇಡವೇ ಬೇಡ. ಮೂರರಲ್ಲಿ ಯಾವುದಾದರೂ ಸರಿ, ಕಥೆ ಕೇಳಿ ಬೆಲೆ ಕಟ್ಟುವ ಹಾಗಿಲ್ಲ. ಅಜ್ಜ ಸುಳ್ಳು ಹೇಳಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಬರ್ಮಾದಿಂದ ತಂದದ್ದು ನಿಜವೇ ಇರಬಹುದು, 300 ವರ್ಷ ಅನ್ನುವುದು ಆಮೇಲೆ ಯಾರೋ ಸೇರಿಸಿದ ಮಾತಿರಬಹುದು. ಎರಡನ್ನೂ ಬೇರೆ ಬೇರೆ ಇಟ್ಟು ನೋಡಿ.

ಜಪಾನಿ ಕತ್ತಿಯಲ್ಲಿ ಮೊದಲು ನೋಡಬೇಕಾದದ್ದು ಹಿಡಿಯೊಳಗೆ ಅಡಗಿರುವ ಭಾಗ. ಅದನ್ನು ನಕಾಗೊ ಅನ್ನುತ್ತಾರೆ. ಹಳೆಯ ಕತ್ತಿಯ ಹಿಡಿಯನ್ನು ಒಂದು ಸಣ್ಣ ಬಿದಿರಿನ ಮೊಳೆ ಹಿಡಿದಿರುತ್ತದೆ. ಅದನ್ನು ಹಿತ್ತಾಳೆಯ ಸಣ್ಣ ಸುತ್ತಿಗೆಯಿಂದಲೋ ಮರದ ಕಡ್ಡಿಯಿಂದಲೋ ಮೆಲ್ಲಗೆ ತಳ್ಳಿದರೆ ಹೊರಗೆ ಬರುತ್ತದೆ, ಆಮೇಲೆ ಹಿಡಿ ಬಿಚ್ಚಬಹುದು. ಮಾಲೀಕರ ಎದುರಿಗೇ, ಅವರ ಒಪ್ಪಿಗೆ ಕೇಳಿಯೇ ಬಿಚ್ಚಿ. ಬಿಚ್ಚಲು ಬಿಡದ ಮಾರಾಟಗಾರನ ಹತ್ತಿರ ಕೊಳ್ಳಬೇಡಿ. ಒಳಗಿನ ತುಕ್ಕಿನ ಬಣ್ಣ ನೋಡಿ. ನೂರಾರು ವರ್ಷ ತಾನಾಗೇ ಕೂತ ತುಕ್ಕು ಕಪ್ಪಗೆ ಅಥವಾ ಗಾಢ ಕಂದು ಬಣ್ಣದಲ್ಲಿ, ನುಣುಪಾಗಿ, ಕಬ್ಬಿಣಕ್ಕೇ ಅಂಟಿಕೊಂಡಿರುತ್ತದೆ. ಆಸಿಡ್ ಹಾಕಿ ಹಳೆಯದು ಮಾಡಿದ್ದರೆ ಕೆಂಪಗೆ, ಪುಡಿಪುಡಿಯಾಗಿ ಬೆರಳಿಗೆ ಹತ್ತುತ್ತದೆ. ಆ ತುಕ್ಕನ್ನು ಮಾತ್ರ ಯಾವ ಕಾರಣಕ್ಕೂ ಉಜ್ಜಬೇಡಿ, ಉಜ್ಜಲು ಬಿಡಬೇಡಿ. ಕತ್ತಿಯ ವಯಸ್ಸನ್ನು ಹೇಳುವ ದೊಡ್ಡ ಸಾಕ್ಷಿ ಅದೇ. ಅರ ಹಾಕಿದ ಗೆರೆಗಳ ಓರೆ, ನಕಾಗೊ ತುದಿಯ ಆಕಾರ, ತೂತುಗಳ ಸಂಖ್ಯೆ ಇವೆಲ್ಲ ಯಾವ ಕಾಲ, ಯಾವ ಪರಂಪರೆ ಅಂತ ತಿಳಿಯಲು ನೆರವಾಗುತ್ತವೆ.

ನಕಾಗೊ ಮೇಲೆ ಕಮ್ಮಾರನ ಸಹಿ ಕಂಡ ಕೂಡಲೇ ಹಿಗ್ಗಬೇಡಿ. ಸುಳ್ಳು ಸಹಿ ಕೊರೆಯುವುದು ಇವತ್ತು ಶುರುವಾದದ್ದಲ್ಲ, ಎಡೋ ಕಾಲದಲ್ಲೇ (1603-1868) ಜೋರಾಗಿ ನಡೆದಿತ್ತು. ಹೆಸರಾಂತ ಕಮ್ಮಾರ ಕೊತೆತ್ಸು ಅಂತ ಸಹಿ ಇದ್ದರೆ ನಕಲಿ ಅಂದುಕೊಂಡೇ ಶುರು ಮಾಡಬೇಕು ಅಂತ ಜಪಾನಿನವರೇ ಹೇಳುತ್ತಾರೆ. ಇನ್ನೊಬ್ಬ ಹೆಸರಾಂತ ಕಮ್ಮಾರ ಮಾಸಾಮುನೆಯ ಸಹಿ ಇರುವ ಅಸಲಿ ಕತ್ತಿಗಳು ತೀರಾ ಕಡಿಮೆ, ಅವು ನಮ್ಮ ನಿಮ್ಮ ಕೈಗೆ ಬರುವಂಥವಲ್ಲ. ಇನ್ನೊಂದು ಕಡೆ, ಸಹಿಯೇ ಇಲ್ಲದಿದ್ದರೆ ಕಳಪೆ ಅಂತಲೂ ಅಲ್ಲ. ತಾಚಿ ಅನ್ನುವ ಹಳೆಯ ಕಾಲದ ಉದ್ದ ಕತ್ತಿಗಳನ್ನು ಆಮೇಲಿನವರು ಕೆಳಗಿನಿಂದ ಕತ್ತರಿಸಿ ಗಿಡ್ಡ ಮಾಡಿಕೊಂಡರು, ಆಗ ಸಹಿ ಇದ್ದ ತುಂಡೇ ಹೋಯಿತು. ಅಂಥ ಸಹಿ ಇಲ್ಲದ ಕತ್ತಿಗಳು ಜಪಾನಿನಲ್ಲಿ ರಾಷ್ಟ್ರೀಯ ಸಂಪತ್ತುಗಳ ಪಟ್ಟಿಯಲ್ಲೂ ಇವೆ.

ಈಗ ಹೈದರಾಬಾದಿನ ಕಾಗದದ ವಿಷಯ. ನೀವು ಹೇಳುವುದನ್ನು ನೋಡಿದರೆ ಅದು ತೊರೊಕುಶೊ ಇರಬೇಕು. ಜಪಾನಿನ ಪ್ರಾಂತ್ಯದ ಶಿಕ್ಷಣ ಮಂಡಳಿ ಕೊಡುವ ನೋಂದಣಿ ಚೀಟಿ ಅದು. ಜಪಾನಿನೊಳಗೆ ಆ ಕತ್ತಿ ಇಟ್ಟುಕೊಳ್ಳಲು ಅದು ಬೇಕೇ ಬೇಕು. ಉದ್ದ, ಬಾಗು, ತೂತು ಎಷ್ಟು, ಸಹಿಯಲ್ಲಿ ಏನು ಬರೆದಿದೆ ಅನ್ನುವುದು ಅದರಲ್ಲಿ ಇರುತ್ತದೆ. ಸಹಿ ಅಸಲಿಯೋ ಅಲ್ಲವೋ ಅನ್ನುವ ತೀರ್ಪು ಅದರಲ್ಲಿ ಇರುವುದಿಲ್ಲ. ಇನ್ನೂ ಮುಖ್ಯವಾದದ್ದು, ಕತ್ತಿ ಜಪಾನಿನಿಂದ ಕಾನೂನುಬದ್ಧವಾಗಿ ಹೊರಗೆ ಹೋಗುವಾಗ ಆ ಚೀಟಿಯನ್ನು ವಾಪಸ್ ಕೊಡಬೇಕು, ಅಲ್ಲಿನ ಸಂಸ್ಕೃತಿ ಇಲಾಖೆಯಿಂದ ರಫ್ತು ಪತ್ರ ತೆಗೆದುಕೊಳ್ಳಬೇಕು. ಹಾಗಿದ್ದ ಮೇಲೆ ಹೈದರಾಬಾದಿನಲ್ಲಿ ಕತ್ತಿಯ ಜೊತೆ ಅಸಲಿ ಚೀಟಿಯೇ ಇರುವುದು ಹೇಗೆ? ಒಂದೋ ಕತ್ತಿ ಕದ್ದುಮುಚ್ಚಿ ಬಂದಿದೆ, ಇಲ್ಲ ಚೀಟಿ ಬೇರೆ ಕತ್ತಿಯದು, ಇಲ್ಲ ಅದು ಬರೀ ನಕಲು ಪ್ರತಿ. ಚೀಟಿಯಲ್ಲಿನ ಉದ್ದವನ್ನು ಅಳೆದು ನೋಡಲು ಹೇಳಿ. ಮೊನೆಯಿಂದ ಅಲಗಿನ ಬೆನ್ನು ಹಿಡಿಯ ಹತ್ತಿರ ಮೆಟ್ಟಿಲಾಗುವ ಜಾಗದವರೆಗೆ ನೇರ ಗೆರೆಯಲ್ಲಿ ಅಳೆಯಬೇಕು. ಅವರ ಅಳತೆ ಶಾಕುವಿನಲ್ಲಿ ಇರುತ್ತದೆ, ಒಂದು ಶಾಕು ಅಂದರೆ 30.3 ಸೆಂ.ಮೀ. ಒಂದರಿಂದ ಎರಡು ಶಾಕುವಿನೊಳಗೆ ಇದ್ದರೆ ವಾಕಿಝಾಶಿ, ಎರಡಕ್ಕಿಂತ ಜಾಸ್ತಿ ಇದ್ದರೆ ಕಟಾನಾ.

ಅಸಲಿತನಕ್ಕೆ ನೋಡಬೇಕಾದ ಕಾಗದ ಬೇರೆಯೇ. ಟೋಕಿಯೋದಲ್ಲಿ ಎನ್‌ಬಿಟಿಎಚ್‌ಕೆ ಅನ್ನುವ, ಜಪಾನಿ ಕತ್ತಿಗಳನ್ನು ಕಾಪಾಡುವ ಸಂಘ ಇದೆ, 1948ರಲ್ಲಿ ಶುರುವಾದದ್ದು. ಅದರ ತಜ್ಞರು ಕತ್ತಿಯನ್ನು ಕೈಯಲ್ಲಿ ಹಿಡಿದು ನೋಡಿ ತೀರ್ಪು ಕೊಡುತ್ತಾರೆ. ಹೊಝೋನ್, ತೊಕುಬೆತ್ಸು ಹೊಝೋನ್, ಜೂಯೊ, ತೊಕುಬೆತ್ಸು ಜೂಯೊ ಅಂತ ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ದರ್ಜೆ. ಮೊದಲ ಕತ್ತಿಗೆ ಹೊಝೋನ್ ಪತ್ರ ಧಾರಾಳವಾಗಿ ಸಾಕು. ಅದೇ ಸಂಘದ ಹಸಿರು ಬಣ್ಣದ ಹಳೆಯ ಪತ್ರಗಳೂ ಮಾರುಕಟ್ಟೆಯಲ್ಲಿ ಓಡಾಡುತ್ತವೆ, 1982ಕ್ಕಿಂತ ಮೊದಲಿನವು. ದೊಡ್ಡ ಹೆಸರಿನ ಕತ್ತಿಗೆ ಅಂಥ ಹಸಿರು ಪತ್ರ ಒಂದೇ ಇದ್ದರೆ ನಂಬಬೇಡಿ, ಹೊಸ ಪತ್ರ ಯಾಕೆ ಮಾಡಿಸಿಲ್ಲ ಅಂತ ಕೇಳಿ.

ಕುಲುಮೆ ಮನೆ, ಕೊಪ್ಪಳ:

ನಮ್ಮದು ಕಮ್ಮಾರರ ಮನೆ. ಅಪ್ಪ ಕುಡುಗೋಲು, ಕುಂಟೆ ಮಾಡುತ್ತಿದ್ದರು. ನಾನು ಉಕ್ಕಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಇದ್ದೇನೆ. ಮೇಲಿನವರು ನಕಾಗೊ ಬಗ್ಗೆ ಚೆನ್ನಾಗಿ ಬರೆದಿದ್ದಾರೆ, ನಾನು ಅಲಗಿನ ಬಗ್ಗೆ ಹೇಳುತ್ತೇನೆ. ಈ ಕತ್ತಿಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಅಲ್ಲಿಂದ.

ಜಪಾನಿನಲ್ಲಿ ಕಬ್ಬಿಣದ ಮರಳನ್ನು ಇದ್ದಿಲಿನ ಜೊತೆ ತಾತಾರ ಅನ್ನುವ ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು ಮೂರು ರಾತ್ರಿ ಸುಟ್ಟು ಉಕ್ಕು ಮಾಡುತ್ತಿದ್ದರು. ಅದರ ಒಳ್ಳೆಯ ಭಾಗಕ್ಕೆ ತಮಹಗಾನೆ ಅಂತ ಹೆಸರು. ಯುದ್ಧದ ನಂತರ ಈ ಕೆಲಸ ನಿಂತೇ ಹೋಗಿತ್ತು. ಶಿಮಾನೆ ಪ್ರಾಂತ್ಯದ ಒಕುಇಝುಮೊದಲ್ಲಿ 1977ರಲ್ಲಿ ಅದೇ ಎನ್‌ಬಿಟಿಎಚ್‌ಕೆ ಸಂಘ ಮತ್ತೆ ಒಲೆ ಹಚ್ಚಿತು. ಹೀಗೆ ಬಂದ ಉಕ್ಕಿನಲ್ಲಿ ಇಂಗಾಲ ಒಂದೇ ಸಮ ಇರುವುದಿಲ್ಲ. ಬಡಿದು, ಮಡಿಸಿ, ಮತ್ತೆ ಬಡಿದು ಅದನ್ನು ಸಮ ಮಾಡಬೇಕು, ಕಸ ಹೊರಗೆ ಹಾಕಬೇಕು. ಹತ್ತು ಹದಿನೈದು ಸಲ ಮಡಿಸಿದರೆ ಪದರಗಳು ಸಾವಿರಗಟ್ಟಲೆ ಆಗುತ್ತವೆ. ಒಳ್ಳೆಯ ಸಾಣೆ ಹಿಡಿದ ಅಲಗಿನ ಮೇಲೆ ಸಾಗುವಾನಿ ಹಲಗೆಯ ಎಳೆಗಳ ಹಾಗೆ ಕಾಣುವುದು ಈ ಪದರಗಳೇ. ಬಲು ಸೂಕ್ಷ್ಮವಾಗಿರುತ್ತವೆ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಕತ್ತಿಗಳಲ್ಲಿ ಕಪ್ಪು ಬಿಳುಪು ಪಟ್ಟೆಗಳು ಎದ್ದು ಕಾಣುತ್ತವಲ್ಲ, ಅದು ಆಸಿಡ್‌ನಲ್ಲಿ ಅದ್ದಿ ಬರಿಸಿದ್ದು. ಹಳೆಯ ಜಪಾನಿ ಅಲಗು ಹಾಗೆ ಕಾಣುವುದಿಲ್ಲ.

ಇನ್ನು ಹದ. ಅಲಗಿಗೆ ಜೇಡಿಮಣ್ಣು ಬಳಿಯುತ್ತಾರೆ, ಬೆನ್ನಿಗೆ ದಪ್ಪ, ಬಾಯಿಗೆ ಅಂದರೆ ಕತ್ತರಿಸುವ ಅಂಚಿಗೆ ತೆಳು. ಆಮೇಲೆ ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಬಾಯಿ ಸರ್ರನೆ ತಣಿದು ಮಾರ್ಟೆನ್‌ಸೈಟ್ ಅನ್ನುವ ಉಕ್ಕಿನ ಗಟ್ಟಿ ರೂಪಕ್ಕೆ ಬರುತ್ತದೆ, ಬೆನ್ನು ನಿಧಾನವಾಗಿ ತಣಿದು ಮೆದುವಾಗಿ, ಮುರಿಯದ ಹಾಗೆ ಉಳಿಯುತ್ತದೆ. ಮಾರ್ಟೆನ್‌ಸೈಟ್ ಜಾಸ್ತಿ ಜಾಗ ಕೇಳುತ್ತದೆ, ಹಾಗಾಗಿ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಆ ಬಾಗಿನಲ್ಲಿ ಒಂದಷ್ಟು ಪಾಲು ನೀರಿಗೆ ಅದ್ದಿದಾಗಲೇ ಬಂದದ್ದು. ಗಟ್ಟಿ ಮತ್ತು ಮೆದು ಭಾಗ ಸೇರುವ ಗೆರೆಗೆ ಹಾಮೋನ್ ಅನ್ನುತ್ತಾರೆ.

ಅದನ್ನು ನೋಡುವುದಕ್ಕೆ ಟ್ಯೂಬ್‌ಲೈಟ್ ಕೆಲಸಕ್ಕೆ ಬರುವುದಿಲ್ಲ. ಒಂದೇ ಒಂದು ಬಲ್ಬು ಸಾಕು, ಎಲ್‌ಇಡಿ ಟಾರ್ಚ್ ಆದರೂ ಆದೀತು. ಬೆಳಕಿನ ಕಡೆಗೆ ಮೊನೆ ಮಾಡಿ, ಅಲಗನ್ನು ಕಣ್ಣಿನ ಮಟ್ಟಕ್ಕೆ ತಂದು ಸ್ವಲ್ಪ ಸ್ವಲ್ಪ ತಿರುಗಿಸಿ. ಅಸಲಿ ಹಾಮೋನ್ ಬೆಳಕು ಸರಿದಂತೆ ಜೀವ ಬಂದ ಹಾಗೆ ಹೊಳೆಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಹರಳುಗಳು, ಅವುಗಳ ಸುತ್ತ ಮಂಜಿನಂಥ ಪಟ್ಟಿ ಕಾಣುತ್ತದೆ. ಆಸಿಡ್ ಹಚ್ಚಿ ಬರೆದ ಗೆರೆ ಯಾವ ಕೋನದಿಂದ ನೋಡಿದರೂ ಒಂದೇ ಬೂದು ಬಣ್ಣ. ತಂತಿ ಬ್ರಶ್‌ನಿಂದ ಗೀರಿದ್ದಾದರೆ ಗೀರುಗಳೇ ಕಾಣುತ್ತವೆ. ಒಂದು ಎಚ್ಚರಿಕೆ: ಅಸಲಿ ಕತ್ತಿಗೂ ಸಾಣೆ ಹಿಡಿಯುವವರು ಗೆರೆ ಎದ್ದು ಕಾಣಲಿ ಅಂತ ಬೆಳ್ಳಗೆ ಮಾಡುತ್ತಾರೆ, ಅದು ಮೋಸ ಅಲ್ಲ. ಆ ಬಿಳುಪಿನ ಒಳಗೆ ನಿಜವಾದ ಗೆರೆ ಎಲ್ಲಿದೆ ಅಂತ ಹುಡುಕಬೇಕು.

ದೋಷಗಳಲ್ಲಿ ಎರಡನ್ನು ಕಂಡರೆ ಹಿಂದೆ ಮುಂದೆ ನೋಡದೆ ಕೈಬಿಡಿ. ಬಾಯಿಂದ ಒಳಕ್ಕೆ ಅಡ್ಡಲಾಗಿ ಹೋದ ಕೂದಲೆಳೆಯ ಬಿರುಕು, ಅದಕ್ಕೆ ಹಾಗಿರೆ ಅನ್ನುತ್ತಾರೆ. ಮತ್ತೆ ಮೊನೆಯಲ್ಲಿ ಹದದ ಗೆರೆಯೇ ಇಲ್ಲದಿರುವುದು. ಮೊನೆ ಮುರಿದು ಮತ್ತೆ ತಿದ್ದಿದ್ದರೆ, ಅಥವಾ ಸಾಣೆ ಹಿಡಿದೂ ಹಿಡಿದೂ ಗಟ್ಟಿ ಉಕ್ಕೇ ಸವೆದಿದ್ದರೆ ಹಾಗಾಗುತ್ತದೆ. ಮೇಲ್ಮೈಯ ಚಿಕ್ಕ ಬಾಯ್ತೆರೆದ ಪದರ, ಅಲ್ಲಿ ಇಲ್ಲಿ ಗುಳ್ಳೆ, ಇಂಥವನ್ನು ಬೆಲೆ ನೋಡಿ ಸಹಿಸಿಕೊಳ್ಳಬಹುದು.

ಮತ್ತೆ, ದಯವಿಟ್ಟು ಆ ನಿಂಬೆಹಣ್ಣು ನಿಲ್ಲಿಸಲು ಹೇಳಿ. ಹುಳಿ ಉಕ್ಕನ್ನು ತಿನ್ನುತ್ತದೆ. ಹಸಿ ಕುಂಕುಮವೂ ಅಷ್ಟೆ, ಒಂದು ರಾತ್ರಿ ಸಾಕು ಕಲೆ ಕೂರಲು. ಹುಣಸೆಹಣ್ಣು ಹಚ್ಚಿ ತಿಕ್ಕುವುದು, ಸಾಣೆಕಲ್ಲಿನವನ ಚಕ್ರಕ್ಕೆ ಕೊಡುವುದು, ಮರಳು ಕಾಗದ, ಒಂದೂ ಬೇಡ. ಪೂಜೆ ಬಿಡಿ ಅಂತ ಹೇಳಬೇಕಿಲ್ಲ. ಕುಂಕುಮವನ್ನು ಒರೆಗೆ ಹಚ್ಚಲಿ, ಹೂವನ್ನು ಪಕ್ಕದಲ್ಲಿ ಇಡಲಿ. ಅಲಗಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಮೆತ್ತನೆ ಹತ್ತಿ ಬಟ್ಟೆಯಲ್ಲಿ ಸವರಿದರೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಬರಿ ಬೆರಳು ಅಲಗಿಗೆ ತಾಗಬಾರದು, ಬೆವರಿನ ಉಪ್ಪು ಕೂತರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಎಲ್ಲ ಒಣಗಿ ಸಿಡಿಯುತ್ತದೆ, ಮರದ ಒರೆ ಇದ್ದರೆ ಬಿರುಕು ಬಿಡಬಹುದು. ಕೂಲರ್‌ನ ಎದುರಿಗೂ ಇಡಬಾರದು, ಬಿಸಿಲು ಬೀಳುವ ಗೋಡೆಗೂ ಬೇಡ.

ಬಳ್ಳಾರಿ ಕೋರ್ಟ್ ರಸ್ತೆ:

ವಕೀಲಿ ಮಾಡುತ್ತೇನೆ, ಆದ್ದರಿಂದ ಕಾನೂನಿನ ಭಾಗ ಮಾತ್ರ ಹೇಳುತ್ತೇನೆ. ಕತ್ತಿಗಳ ಗುಣದ ಬಗ್ಗೆ ಮೇಲಿನ ಇಬ್ಬರು ಹೇಳಿದ್ದೇ ಕೊನೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕತ್ತಿ ಕೂಡ ಆಯುಧವೇ. ಬಂದೂಕಿಗೆ ಎಲ್ಲ ಕಡೆ ಲೈಸೆನ್ಸ್ ಬೇಕು. ಕತ್ತಿಯಂಥ ಹರಿತ ಆಯುಧಕ್ಕೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಲೈಸೆನ್ಸ್ ಬೇಕು. ಅದು ಸೆಕ್ಷನ್ 4. ಹೊರದೇಶದಿಂದ ತರಿಸುವುದಕ್ಕೆ ಸೆಕ್ಷನ್ 10 ಬೇರೆ ಇದೆ, ಆಯುಧದ ಆಮದಿಗೆ ಲೈಸೆನ್ಸ್ ಕೇಳುತ್ತದೆ. "ಹಳೆಯದು, ಕಲಾವಸ್ತು" ಅಂತ ಪಾರ್ಸೆಲ್ ಮೇಲೆ ಬರೆದ ಮಾತ್ರಕ್ಕೆ ಕಸ್ಟಮ್ಸ್ ಬಿಡುವುದಿಲ್ಲ. ಜಪಾನಿನ ಅಂಗಡಿಯವರು "ನಾವು ಎಲ್ಲ ದೇಶಕ್ಕೂ ಕಳಿಸುತ್ತೇವೆ" ಅನ್ನಬಹುದು, ಅದು ಅವರ ಕಡೆಯ ಕಾಗದದ ಮಾತು. ಇಲ್ಲಿ ಬಂದು ಜಪ್ತಿಯಾದರೆ ನಷ್ಟ ನಿಮ್ಮದೇ, ಕೇಸೂ ನಿಮ್ಮ ಮೇಲೇ. ಆದ್ದರಿಂದ ಮೊದಲು ಜಿಲ್ಲಾಧಿಕಾರಿ ಕಚೇರಿಯ ಆಯುಧ ಲೈಸೆನ್ಸ್ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು, ನಿಮ್ಮ ಸಂದರ್ಭಕ್ಕೆ ಏನು ಬೇಕು ಅಂತ ಲಿಖಿತ ಉತ್ತರವನ್ನೇ ತೆಗೆದುಕೊಳ್ಳಿ. ಬಾಯಿಮಾತಿನ "ನಡೆಯುತ್ತೆ ಬಿಡಿ" ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಕಾಯ್ದೆಯನ್ನು ಬಹಳ ಜನ ಮರೆಯುತ್ತಾರೆ. 1972ರ ಪ್ರಾಚ್ಯವಸ್ತು ಕಾಯ್ದೆ. ನೂರು ವರ್ಷ ದಾಟಿದ ಕಲಾವಸ್ತುಗಳು, ಚಾರಿತ್ರಿಕ ಮಹತ್ವದ ವಸ್ತುಗಳು ಅದರ ಕೆಳಗೆ ಬರುತ್ತವೆ, ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ವಸ್ತು ಭಾರತದಲ್ಲೇ ತಯಾರಾಗಿರಬೇಕು ಅಂತ ಆ ವ್ಯಾಖ್ಯೆಯಲ್ಲಿ ಇಲ್ಲ. ಅಂದರೆ ನೀವು ಇಲ್ಲೇ ಒಂದು ನಿಜವಾದ ಹಳೆಯ ಕಟಾನಾ ಕೊಂಡು, ಆಮೇಲೆ ಟೋಕಿಯೋಗೆ ಕಳಿಸಿ ಪತ್ರ ಮಾಡಿಸೋಣ, ಸಾಣೆ ಹಿಡಿಸೋಣ ಅಂದುಕೊಂಡರೆ ಆ ದಾರಿ ಮುಚ್ಚಿರಬಹುದು. ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳದೆ ಕಳಿಸಲೇಬೇಡಿ. ಇಲಾಖೆಯ ಹಂಪಿ ವೃತ್ತದ ಕಚೇರಿ 2020ರಿಂದ ಇದೆ, ನಮಗೆ ಹತ್ತಿರ.

ಕೊನೆಯದಾಗಿ, ಕತ್ತಿಯನ್ನು ಊರಲ್ಲಿ ಸುಮ್ನೆ ಹೊತ್ತು ತಿರುಗಬೇಡಿ. ಚುನಾವಣೆ, ಹಬ್ಬ, ಗಲಾಟೆಯ ದಿನಗಳಲ್ಲಿ ಆಯುಧ ಹಿಡಿದು ಓಡಾಡುವುದನ್ನು ನಿಷೇಧಿಸಿ ಆದೇಶ ಹೊರಡುತ್ತದೆ. ತಜ್ಞರಿಗೆ ತೋರಿಸಬೇಕೆಂದರೆ ಅವರನ್ನೇ ಕತ್ತಿ ಇದ್ದಲ್ಲಿಗೆ ಕರೆಸಿ, ಇಲ್ಲ ಫೋಟೊ ಕಳಿಸಿ.

ಕೌಲ್‌ಬಜಾರ್ ಓದುಗ:

ಮೂವರಿಗೂ ತುಂಬ ಧನ್ಯವಾದ. ಭಾನುವಾರ ಆ ಮನೆಗೆ ಹೋಗಿದ್ದೆ. ಅಜ್ಜಿ ಎದುರಿಗೇ ಕೂತಿದ್ದರು, ಮೊಮ್ಮಗನೇ ಹೊರಗೆ ತೆಗೆದು ಕೊಟ್ಟ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಹಿಡಿಯಲ್ಲಿ ಬಿದಿರಿನ ಮೊಳೆ ಇಲ್ಲ, ಒಂದು ತಿರುಪು ಇದೆ. ಹಿಡಿಯ ಮೇಲೆ ದಾರ ಸುತ್ತಿದ ಹಾಗೆ ದೂರದಿಂದ ಕಾಣುತ್ತಿತ್ತು, ಮುಟ್ಟಿ ನೋಡಿದರೆ ಅದು ಇಡೀ ಲೋಹದ ಎರಕ. ದಾರದ ವಿನ್ಯಾಸವನ್ನೂ ಎರಕದಲ್ಲೇ ಮಾಡಿ ಬಣ್ಣ ಬಳಿದಿದ್ದಾರೆ. ಹಿಡಿಯ ಹತ್ತಿರ ಅಲಗಿನ ಮೇಲೆ ಸಂಖ್ಯೆ ಒತ್ತಿದ್ದಾರೆ, ಒರೆಯ ಬಾಯಿಯ ಹತ್ತಿರವೂ ಅದೇ ಸಂಖ್ಯೆ. ಹಿಡಿಯ ಕೊರಳಿನಲ್ಲಿ ಸಣ್ಣ ಮುದ್ರೆಗಳು ಇವೆ. ಅಲಗಿನ ಎರಡೂ ಬದಿಗೆ ಉದ್ದಕ್ಕೂ ಕಾಲುವೆ ಇದೆ. ತಿರುಪು ಬಿಚ್ಚಲು ಹೋಗಲಿಲ್ಲ, ತುಕ್ಕು ಹಿಡಿದು ಬಿಗಿಯಾಗಿತ್ತು. ಒಂದೇ ಬಲ್ಬು ಹಾಕಿ ನೋಡಿದೆ, ಬಾಯಿಯ ಉದ್ದಕ್ಕೂ ನೇರವಾದ ಮಸುಕು ಗೆರೆ ಕಂಡಿತು, ಹರಳು ಮಂಜು ಏನೂ ಕಾಣಲಿಲ್ಲ. ನಿಂಬೆಹಣ್ಣಿನ ಕಲೆಗಳು ಮೊನೆಯ ಹತ್ತಿರ ಇವೆ.

ಇದು ನಕಲಿಯೇ?

ರಾಯಚೂರು ಅಲಗು:

ನೀವು ಬರೆದದ್ದನ್ನು ನೋಡಿದರೆ ನಕಲಿ ಅನ್ನಿಸುತ್ತಿಲ್ಲ. ಆದರೆ 300 ವರ್ಷದ್ದಂತೂ ಅಲ್ಲವೇ ಅಲ್ಲ. ಅದು ಟೈಪ್ 95 ಅನ್ನುವ ಸೇನಾ ಕತ್ತಿ. ಜಪಾನ್ ಸೇನೆ 1935ರಲ್ಲಿ ಅದನ್ನು ತಂದಿತು. ಅಧಿಕಾರಿಗಳು ತಮ್ಮ ಕತ್ತಿಯನ್ನು ತಾವೇ ಕೊಳ್ಳಬೇಕಿತ್ತು, ಕೆಲವರು ಮನೆಯ ಹಳೆಯ ಅಲಗನ್ನೇ ಸೇನಾ ಹಿಡಿ ಒರೆ ಹಾಕಿಸಿ ಒಯ್ದರು. ಅಂಥವುಗಳ ಒಳಗೆ ನಿಜವಾದ ಹಳೆಯ ಕತ್ತಿ ಸಿಗುವುದುಂಟು. ಆ ಮನೆಯ ಮೊಮ್ಮಗ ಕೇಳಿಸಿಕೊಂಡ ಕಥೆ ಅಲ್ಲಿಂದ ಬಂದಿರಬಹುದು. ಟೈಪ್ 95 ಮಾತ್ರ ಹವಾಲ್ದಾರ್ ಮಟ್ಟದವರಿಗೆ ಸರ್ಕಾರವೇ ಕೊಟ್ಟದ್ದು. ಯಂತ್ರದಲ್ಲಿ ಮಾಡಿದ ಅಲಗು, ಎರಕದ ಹಿಡಿ, ಸಂಖ್ಯೆ, ಶಸ್ತ್ರಾಗಾರದ ತಪಾಸಣೆ ಮುದ್ರೆ. ಸಹಿ ಇರುವುದಿಲ್ಲ, ಕೈಯಿಂದ ಮಡಿಸಿದ ಪದರಗಳೂ ಇರುವುದಿಲ್ಲ.

ಅಲಗು ಮತ್ತು ಒರೆಯ ಸಂಖ್ಯೆ ಒಂದೇ ಇರುವುದು ಒಳ್ಳೆಯ ಗುರುತು, ಎಷ್ಟೋ ಕಡೆ ಒರೆ ಅದಲು ಬದಲಾಗಿರುತ್ತದೆ. ಹಾಗಂತ ಪೂರ್ತಿ ಕಣ್ಣು ಮುಚ್ಚಿ ನಂಬಬೇಡಿ. ಟೈಪ್ 95ಕ್ಕೂ ನಕಲಿ ಬಹಳ ಬಂದಿದೆ. ಅಂಕಿಗಳ ಹತ್ತಿರದ ಫೋಟೊ, ಕೊರಳಿನ ಮುದ್ರೆಗಳ ಫೋಟೊ, ಕಾಲುವೆ ಮೊನೆಯ ಹತ್ತಿರ ಮುಗಿಯುವ ಜಾಗದ ಫೋಟೊ ತೆಗೆದು ಕಳಿಸಿ. ನಕಲಿಗಳಲ್ಲಿ ಅಂಕಿಗಳು ಸೊಟ್ಟಗೆ, ಆಳ ಹೆಚ್ಚು ಕಡಿಮೆ ಇರುತ್ತವೆ, ಎರಕದ ವಿನ್ಯಾಸ ಮೊಂಡಾಗಿರುತ್ತದೆ. ಆ ತಿರುಪನ್ನು ಬಲವಂತವಾಗಿ ತಿರುಗಿಸದೆ ಬಿಟ್ಟದ್ದು ಬಹಳ ಒಳ್ಳೆಯದಾಯಿತು.

ಬೆಲೆ ಎರಡೂವರೆ ಲಕ್ಷ ಅಂದರೆ ಜಾಸ್ತಿಯೇ ಆಯಿತು. ಹೊರದೇಶಗಳಲ್ಲಿ ಸುಮಾರಾದ ಸ್ಥಿತಿಯ ಟೈಪ್ 95 ಒಂದು ಸಾವಿರ ಡಾಲರ್ ಆಸುಪಾಸಿನಲ್ಲಿ ಕೈ ಬದಲಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಯಾರಾದರೂ "ಜಪಾನಿಗೆ ಕಳಿಸಿ ಸರ್ಟಿಫಿಕೇಟ್ ಮಾಡಿಸು" ಅಂದರೆ ಕೇಳಬೇಡಿ. ಸಾಂಪ್ರದಾಯಿಕವಾಗಿ ಮಾಡದ ಸೇನಾ ಕತ್ತಿಗೆ ಅಲ್ಲಿ ನೋಂದಣಿ ಸಿಗುವುದಿಲ್ಲ. ನೋಂದಣಿ ಇಲ್ಲದ ಕತ್ತಿಯನ್ನು ಅಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅಲ್ಲಿಗೆ ಹೋದರೆ ವಾಪಸ್ ಬರುವುದಿಲ್ಲ.

ಗಂಗಾವತಿ ಕಡೆಯವ:

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಒಂದು ಮಾತು ಹೇಳಬೇಕು ಅನ್ನಿಸಿತು. ಯಂತ್ರದಲ್ಲಿ ಮಾಡಿದ್ದು ಅನ್ನುವ ಕಾರಣಕ್ಕೆ ಆ ಮನೆಯ ಕತ್ತಿಯನ್ನು ಬದಿಗೆ ತಳ್ಳಬೇಡಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರಿಗೆ ಸೇರಿತು. ನಮ್ಮ ಕೊಪ್ಪಳ, ರಾಯಚೂರು ನಿಜಾಮರ ಕೈಯಲ್ಲಿದ್ದವು. ಈ ಕಡೆಯಿಂದ ಸೈನ್ಯಕ್ಕೆ ಹೋದವರ ಕಥೆಗಳನ್ನು ಬರೆದಿಟ್ಟವರು ಬಹಳ ಕಡಿಮೆ. 1944ರಲ್ಲಿ ಇಂಫಾಲ, ಕೊಹಿಮಾದಲ್ಲಿ ಜಪಾನಿ ಸೇನೆಯನ್ನು ತಡೆದು, ಮುಂದಿನ ವರ್ಷ ಬರ್ಮಾದಿಂದ ಹಿಂದಟ್ಟಿದ ಬ್ರಿಟಿಷರ 14ನೇ ಸೇನೆಯಲ್ಲಿ ಬಹುಪಾಲು ಭಾರತೀಯರೇ ಇದ್ದರು. ಯುದ್ಧ ಮುಗಿದಾಗ ಜಪಾನಿ ಅಧಿಕಾರಿಗಳು ತಮ್ಮ ಕತ್ತಿಯನ್ನು ಎಲ್ಲರೆದುರಿಗೆ ಒಪ್ಪಿಸಲೇಬೇಕು ಅಂತ, ಆ ಸೇನೆಯನ್ನು ಮುನ್ನಡೆಸಿದ್ದ ಸೇನಾಪತಿ ಸ್ಲಿಮ್ ಹಟ ಹಿಡಿದರು. ಆ ಕತ್ತಿಗಳು ಹೆಚ್ಚಾಗಿ ಅಧಿಕಾರಿಗಳ ಕೈಗೆ ಹೋದವು. ಸಾಮಾನ್ಯ ಸೈನಿಕನ ಮನೆಯಲ್ಲಿ ಅಧಿಕಾರಿಯ ಕತ್ತಿಗಿಂತ ಹವಾಲ್ದಾರನ ಟೈಪ್ 95 ಸಿಗುವುದೇ ಹೆಚ್ಚು ನಂಬುವಂಥದ್ದು, ಅಲ್ವಾ? ಅಂದರೆ ಈ ಕತ್ತಿ ಅಜ್ಜನ ಮಾತನ್ನು ಸುಳ್ಳು ಮಾಡುತ್ತಿಲ್ಲ. ಸಮುರಾಯಿ ಅನ್ನುವ ಭಾಗ ಬಿದ್ದುಹೋಯಿತು, ಬರ್ಮಾ ಅನ್ನುವ ಭಾಗ ನಿಂತಿತು.

ಆ ಅಜ್ಜಿ ಇನ್ನೂ ಇದ್ದಾರೆ ಅಂದಿರಿ. ಕೊಳ್ಳುತ್ತೀರೋ ಬಿಡುತ್ತೀರೋ, ಅವರ ಬಾಯಿಂದ ಕೇಳಿ ಬರೆದುಕೊಳ್ಳಿ. ಅಜ್ಜ ಯಾವ ರೆಜಿಮೆಂಟ್, ಯಾವ ಊರಲ್ಲಿ ಭರ್ತಿಯಾದರು, ಸೈನ್ಯ ಬಿಟ್ಟಾಗ ಕೊಟ್ಟ ಬಿಡುಗಡೆ ಪುಸ್ತಕ ಮನೆಯಲ್ಲಿ ಇದೆಯೇ, ಪದಕಗಳಿವೆಯೇ. ಆಗಿನ ಪದಕಗಳಲ್ಲಿ ಬರ್ಮಾ ಸ್ಟಾರ್ ಅಂತ ಒಂದಿತ್ತು, ಅದು ಸಿಕ್ಕರೆ ದೊಡ್ಡ ಸಾಕ್ಷಿ. ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಬಹುದು. ನಾನಾಗಿದ್ದರೆ ಸರಿಯಾದ ಬೆಲೆಗೆ ಇದನ್ನೇ ಕೊಳ್ಳುತ್ತಿದ್ದೆ. ಅದಕ್ಕಿಂತ ಮೊದಲು, ಮಾರದೆ ಮನೆಯಲ್ಲೇ ಇಟ್ಟುಕೊಳ್ಳಿ ಅಂತ ಮೊಮ್ಮಗನಿಗೆ ಒಂದು ಸಲ ಹೇಳಿ ನೋಡುತ್ತಿದ್ದೆ.

ಕುಲುಮೆ ಮನೆ, ಕೊಪ್ಪಳ:

ಗಂಗಾವತಿಯವರ ಮಾತು ಮನಸ್ಸಿಗೆ ಹಿಡಿಸಿತು, ಆದರೂ ಕೊಳ್ಳುವ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಕೇಳಿದವರಿಗೆ ಬೇಕಾಗಿರುವುದು ಕೈಯಲ್ಲಿ ಬಡಿದ ಅಲಗು. ಅವರು ಹಾಮೋನ್ ನೋಡಬೇಕು, ಪದರ ನೋಡಬೇಕು, ದಿನಾ ಸಂಜೆ ಒಂದು ಬಲ್ಬಿನ ಕೆಳಗೆ ಕೂತು ಕಲಿಯಬೇಕು. ಟೈಪ್ 95 ಅದನ್ನು ಕಲಿಸುವುದಿಲ್ಲ. ದುಡ್ಡು ಅಲ್ಲಿ ಕರಗಿದರೆ ಮುಂದಿನದಕ್ಕೆ ಮತ್ತೆ ಎಷ್ಟು ವರ್ಷ ಕಾಯಬೇಕೋ.

ನನ್ನ ಸಲಹೆ ಹೊಝೋನ್ ಪತ್ರ ಇರುವ, ದೋಷ ಕಡಿಮೆ ಇರುವ, ಈಗಾಗಲೇ ಸಾಣೆ ಹಿಡಿದಿರುವ ಒಂದು ವಾಕಿಝಾಶಿ. ಜಪಾನಿನ ಅಂಗಡಿಗಳಲ್ಲಿ ಅಂಥದ್ದು 2-3 ಲಕ್ಷ ಯೆನ್‌ನಿಂದ ಸಿಗುತ್ತದೆ. ಅದೇ ಗುಣದ ಕಟಾನಾ ಬೇಕೆಂದರೆ ಬೆಲೆ ಎರಡು ಪಟ್ಟಿಗೂ ಮೇಲೆ ಹೋಗುತ್ತದೆ. ಎಡೋ ಕಾಲದಲ್ಲಿ ವ್ಯಾಪಾರಿಗಳೂ ವಾಕಿಝಾಶಿ ಇಟ್ಟುಕೊಳ್ಳಬಹುದಿತ್ತು, ಅದಕ್ಕೇ ಅವು ಜಾಸ್ತಿ ಉಳಿದಿವೆ, ಕೈಗೆಟುಕುತ್ತವೆ. ಕೆಲಸ ಮಾತ್ರ ಅದೇ ಕೈಗಳದ್ದು, ಅದೇ ಉಕ್ಕು, ಅದೇ ಹದ. ತುಕ್ಕು ಹಿಡಿದದ್ದನ್ನು ಅಗ್ಗಕ್ಕೆ ಕೊಂಡು ಸಾಣೆ ಹಿಡಿಸೋಣ ಅನ್ನುವ ಯೋಚನೆ ಬಿಡಿ. ಸಾಣೆ ಹಿಡಿಯುವ ಜಪಾನಿ ಕಸುಬುದಾರರು ವರ್ಷಗಟ್ಟಲೆ ಕಲಿತವರು, ಒಂದು ಅಲಗಿಗೆ ಕಲ್ಲಿನ ಮೇಲೆ ಕಲ್ಲು ಬದಲಿಸುತ್ತಾ ವಾರಗಟ್ಟಲೆ ಕೂರುತ್ತಾರೆ, ಖರ್ಚು ಕತ್ತಿಯ ಬೆಲೆಯನ್ನೇ ಮೀರಬಹುದು. ಅಲ್ಲದೆ ವಕೀಲರು ಹೇಳಿದ ರಫ್ತಿನ ತೊಡಕು ಬೇರೆ.

ಕೌಲ್‌ಬಜಾರ್ ಓದುಗ:

ಈಗ ಮನಸ್ಸು ಸ್ಪಷ್ಟವಾಯಿತು. ಹೈದರಾಬಾದಿನವರಿಗೆ ಚೀಟಿಯ ಬಗ್ಗೆ, ರಫ್ತು ಪತ್ರದ ಬಗ್ಗೆ ಕೇಳಿದೆ, ಅಳತೆ ಕಳಿಸಿ ಅಂದೆ. "ಬೇಕಿದ್ದರೆ ತಗೊಳ್ಳಿ, ಕೇಳೋರು ಬೇರೆ ಇದ್ದಾರೆ" ಅಂದರು. ಅದನ್ನು ಅಲ್ಲಿಗೇ ಬಿಟ್ಟೆ.

ಮೊಮ್ಮಗನಿಗೆ ಎಲ್ಲ ತೋರಿಸಿ ಹೇಳಿದೆ. ಮೊದಲು ಬೇಜಾರು ಮಾಡಿಕೊಂಡ, ಆಮೇಲೆ ಅಂಕಿಗಳ ಫೋಟೊ ತಾನೇ ತೆಗೆದುಕೊಟ್ಟ, ರಾಯಚೂರಿನವರಿಗೆ ಕಳಿಸಿದ್ದೇನೆ. ಅಜ್ಜಿಯ ಮಾತುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಕ್ಕೆ ಒಪ್ಪಿದ್ದಾರೆ. ಮಾರುವುದೋ ಬಿಡುವುದೋ ಅವರ ಮನೆಯವರೇ ಕೂತು ತೀರ್ಮಾನ ಮಾಡಲಿ, ನಾನು ಒತ್ತಾಯ ಮಾಡುವುದಿಲ್ಲ. ನನ್ನ ಮಟ್ಟಿಗೆ ಪತ್ರ ಇರುವ ವಾಕಿಝಾಶಿಯೇ ಗುರಿ. ವಕೀಲರೇ, ಅದಕ್ಕೆ ಯಾವುದರ ನಂತರ ಯಾವುದು ಮಾಡಬೇಕು?

ಬಳ್ಳಾರಿ ಕೋರ್ಟ್ ರಸ್ತೆ:

ಮೊದಲು ಅಂಗಡಿಯವರಿಂದ ಕತ್ತಿಯ ಪೂರ್ತಿ ವಿವರ, ಎನ್‌ಬಿಟಿಎಚ್‌ಕೆ ಪತ್ರದ ಪ್ರತಿ, ನಕಾಗೊ ಎರಡೂ ಬದಿಯ ಫೋಟೊ ತರಿಸಿಕೊಳ್ಳಿ. ಪತ್ರಕ್ಕೆ ಅಂಟಿಸಿರುವ ಫೋಟೊದಲ್ಲಿನ ನಕಾಗೊ ಮತ್ತು ಈಗಿನ ನಕಾಗೊ ಒಂದೇನಾ ಅಂತ ರಾಯಚೂರಿನವರಿಗೆ ತೋರಿಸಿ. ಮುಂಗಡ ಕೊಡದೆ ಸ್ವಲ್ಪ ಕಾಲ ಕಾಯ್ದಿರಿಸುತ್ತಾರಾ ಕೇಳಿ. ಆ ಕಾಗದಗಳನ್ನೇ ಜೊತೆಗಿಟ್ಟು, ಆಮದು ಲೈಸೆನ್ಸ್ ಬಗ್ಗೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ, ಸ್ವೀಕೃತಿ ತೆಗೆದುಕೊಳ್ಳಿ. ಕಸ್ಟಮ್ಸ್ ಏಜೆಂಟ್ ಒಬ್ಬರನ್ನು ಮೊದಲೇ ಕೇಳಿ, ಸುಂಕದ ಪಟ್ಟಿಯ ಯಾವ ತಲೆಬರಹದಲ್ಲಿ ಬರುತ್ತದೆ, ಸುಂಕ ಎಷ್ಟು ಅಂತ ಲೆಕ್ಕ ಹಾಕಿಸಿ. ಅದೂ ಬೆಲೆಯ ಒಳಗೇ ಸೇರಬೇಕು. ಅನುಮತಿ ಕೈಗೆ ಬಂದ ಮೇಲೆ ದುಡ್ಡು ಕಳಿಸಿ, ಜಪಾನಿನ ರಫ್ತು ಪತ್ರದ ಪ್ರತಿ ಪಾರ್ಸೆಲ್ ಒಳಗೂ ಇರಲಿ, ನಿಮ್ಮ ಹತ್ತಿರವೂ ಇರಲಿ.

ಆ ಮನೆಯವರು ಮುಂದೆ ಯಾರಿಗಾದರೂ ಮಾರುವುದಾದರೆ ಅವರಿಗೂ ಹೇಳಿ: ಮೊದಲು ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಲಿ, ರಸೀದಿಯಲ್ಲಿ ಅಲಗಿನ ಸಂಖ್ಯೆ ಮತ್ತು ಒರೆಯ ಸಂಖ್ಯೆ ಎರಡನ್ನೂ ಬರೆಯಲಿ, ಇಬ್ಬರ ಸಹಿ, ವಿಳಾಸ ಹಾಕಲಿ. "ಟೈಪ್ 95 ಸೇನಾ ಕತ್ತಿ" ಅಂತಲೇ ಬರೆಯಬೇಕು, ಸಮುರಾಯಿ ಅಂತ ಬರೆದು ಮಾರಿದರೆ ನಾಳೆ ಕೊಂಡವನು ಕೋರ್ಟಿಗೆ ಎಳೆಯಬಹುದು. ಅರ್ಜಿಯ ಕರಡು ಬೇಕಿದ್ದರೆ ಇಲ್ಲೇ ಹಾಕುತ್ತೇನೆ, ಹೇಳಿ.